ಬೇಲಿಯಾಚೆಯ ಓದಿನ ಮನೆ

ಗುಂಡೋಬನಹಟ್ಟಿ, ಬಿಳಿಚೋಡು ಹತ್ತಿರ
ಜಗಳೂರು ತಾಲ್ಲೂಕು
12 ಜೂನ್ 2024

ನಾಗರತ್ನ ಮೇಡಂ ಅವರಿಗೆ, ನಿಮ್ಮ ಕೈಯಲ್ಲಿ ಅಕ್ಷರ ತಿದ್ದಿದ ಅಜ್ಜಮ್ಮ ಮಾಡುವ ನಮಸ್ಕಾರ.

ಪಂಚಾಯ್ತಿ ಸದಸ್ಯೆಯರ ತರಬೇತಿ ಮುಗಿದರೂ ಆಗಾಗ ಕಾಗದ ಬರೆಯುತ್ತಿರಬೇಕು, ಅದೂ ಸ್ವಂತ ಕೈಯಲ್ಲಿ, ಎಂದು ನೀವು ನಮ್ಮಿಂದ ಮಾತು ತೆಗೆದುಕೊಂಡಿದ್ದಿರಿ. ಹೊನ್ನಾಳಿಯವರು, ನ್ಯಾಮತಿಯವರು ಫೋನು ಮಾಡಿ ತಪ್ಪಿಸಿಕೊಳ್ಳುತ್ತಿದ್ದಾರಂತೆ. ನನಗೆ ಆ ದಾರಿ ಇಲ್ಲ. ನಮ್ಮ ಮನೆಯ ಫೋನು ನಮ್ಮ ಮನೆಯವರ ಜೇಬಿನಲ್ಲೇ ಸಂಸಾರ ಹೂಡಿದೆ. ಗ್ರಾಮ ಪಂಚಾಯ್ತಿ ಸದಸ್ಯೆ ನಾನು, ಆದರೆ ಹಟ್ಟಿಯಲ್ಲಿ ಯಾರಾದರೂ ‘ಮೆಂಬರ್ರೇ’ ಎಂದು ಕೂಗಿದರೆ ತಿರುಗಿ ನೋಡುವವರು ಅವರು.

ಹೋದ ತಿಂಗಳ ಸಭೆಯಲ್ಲಿ ಒಂದು ತಮಾಷೆಯಾಯಿತು. ನನ್ನ ಕುರ್ಚಿಯಲ್ಲಿ ಎಂದಿನಂತೆ ಅವರೇ ಕೂತರು. ನಾನು ಮನೆಗೆ ಹೋಗದೆ ಅವರ ಹಿಂದೆ ನಿಂತೆ. ಹತ್ತು ನಿಮಿಷ ನೋಡಿ ಅಧ್ಯಕ್ಷರು, “ಯಾಕವ್ವಾ ನಿಂತೀಯ, ಕೂತ್ಕಾ” ಎಂದರು. “ಕುರ್ಚಿ ತುಂಬೈತೆ ಸಾರ್, ಖಾಲಿ ಆಗ್ಲಿ ಅಂತ ಕಾಯ್ತಿದೀನಿ” ಎಂದೆ. ಎಲ್ಲರೂ ನಕ್ಕರು. ನಮ್ಮ ಮನೆಯವರಿಗೆ ಆ ಗಳಿಗೆಯಲ್ಲೇ ಹೊರಗೆ ಏನೋ ಕೆಲಸ ನೆನಪಾಯಿತು. ಅಂದಿನಿಂದ ಕುರ್ಚಿ ನನ್ನದು, ಫೋನು ಅವರದು.

ಈಗ ಮುಖ್ಯ ಸಂಗತಿ. ಓದಿನ ಮನೆ ಕಟ್ಟಿ ಮುಗಿಯಿತು. ಒಂದು ದೊಡ್ಡ ಕೋಣೆ, ಲೈಟು, ನಲ್ಲಿ, ಪಕ್ಕದಲ್ಲಿ ಶೌಚಾಲಯ, ಮುಂದೆ ಒಂದು ಜಗಲಿ. ಹೆಂಗಸರು ಸಂಜೆ ಕೂತು ಓದಲು, ಸಂಘದ ಸಭೆ ಸೇರಲು ನಮ್ಮದೇ ಒಂದು ಸೂರು. ಹಟ್ಟಿಯೊಳಗೆ ಸರ್ಕಾರಿ ಜಾಗ ಇಲ್ಲವಾದ್ದರಿಂದ ಮುಳ್ಳುಬೇಲಿಯಾಚೆ, ಹೊಂಗೆ ಮರದ ಹತ್ತಿರ ಕಟ್ಟಿದ್ದೇವೆ. ನೀವು ಬರೆದುಕೊಟ್ಟ ಅರ್ಜಿಯ ಅಕ್ಷರ ನೋಡಿಯೇ ಪಂಚಾಯ್ತಿಯಲ್ಲಿ ಯಾರೂ ಎದುರಾಡಲಿಲ್ಲ.

ನನಗೆ ಭಯವಿದ್ದದ್ದು ದುರುಗಪ್ಪಜ್ಜನದು. ಅವರು ನಮ್ಮ ಹಟ್ಟಿಯ ಹಿರಿಯರು, ಅವರು ಬೇಡವೆಂದರೆ ಒಂದು ಕಲ್ಲೂ ಅಲ್ಲಾಡದು. ಹೆಂಗಸರಿಗೆ ಓದು ಯಾಕೆ ಎಂದು ಕೇಳಿಯೇ ಕೇಳುತ್ತಾರೆ ಎಂದು ನಿಮ್ಮ ತರಬೇತಿಯ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿ ಹೋಗಿದ್ದೆ. ಅವರು ಕೇಳಲೇ ಇಲ್ಲ. “ಒಳ್ಳೆ ಕೆಲ್ಸ. ನಲ್ಲಿ ಇರ್ಲಿ, ಬಾಗ್ಲಿಗೆ ಭದ್ರವಾದ ಚಿಲಕ ಇರ್ಲಿ” ಎಂದರು ಅಷ್ಟೆ. ನನಗೆ ನಂಬಲಾಗಲಿಲ್ಲ.

ಜುಲೈ ಮೊದಲ ವಾರ ಉದ್ಘಾಟನೆ, ನೀವು ಬರಲೇಬೇಕು. ಉತ್ತರವನ್ನು ಬಿಳಿಚೋಡಿನ ಹೈಸ್ಕೂಲ್ ವಿಳಾಸಕ್ಕೇ ಹಾಕಿ. ಮಗಳು ಅರ್ಪಿತಾ ತರುತ್ತಾಳೆ. ಅವಳು ಈಗ ಹತ್ತನೇ ಕ್ಲಾಸು.

ನಿಮ್ಮ ವಿದ್ಯಾರ್ಥಿ,
ಅಜ್ಜಮ್ಮ
ಗ್ರಾಮ ಪಂಚಾಯ್ತಿ ಸದಸ್ಯೆ (ಕುರ್ಚಿ ಸಹಿತ)


ಚನ್ನಗಿರಿ
28 ಜೂನ್ 2024

ಪ್ರೀತಿಯ ಅಜ್ಜಮ್ಮನವರಿಗೆ,

ನಿಮ್ಮ ಕಾಗದವನ್ನು ಹೊನ್ನಾಳಿಯ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಕುರ್ಚಿಯ ಪ್ರಸಂಗಕ್ಕೆ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಒಬ್ಬರು ಎದ್ದು ನಿಂತು, “ನಾನೂ ನಾಳೆಯಿಂದ ನಿಲ್ತೀನಿ ಕಣ್ರೀ” ಎಂದರು. ನೋಡಿ, ನೀವು ಹಟ್ಟಿಯಲ್ಲೇ ಇದ್ದು ಇಲ್ಲಿ ಪಾಠ ಮಾಡುತ್ತಿದ್ದೀರಿ.

ಉದ್ಘಾಟನೆಗೆ ಬರಲಾಗುವುದಿಲ್ಲ. ಆ ವಾರವೆಲ್ಲ ನ್ಯಾಮತಿಯ ತಾಂಡಾಗಳಲ್ಲಿ ತರಬೇತಿ. ಒಂದು ಫೋಟೋ ಕಳಿಸಿ, ನಮ್ಮ ಕೇಂದ್ರದ ವಾರ್ಷಿಕ ವರದಿಗೆ ಅದನ್ನೇ ಮುಖಪುಟ ಮಾಡಿಸುತ್ತೇನೆ. ಇಪ್ಪತ್ತು ವರ್ಷ ಬುಡಕಟ್ಟು ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದವಳಿಗೆ ಕಣ್ಣಿಗೆ ಕಾಣುವಂಥ ಒಂದು ಗೋಡೆ, ಒಂದು ಬಾಗಿಲು ಸಿಕ್ಕಿರುವುದು ಇದೇ ಮೊದಲು.

ಒಂದು ಕುತೂಹಲ. ಹೊಂಗೆ ಮರ ಎಂದು ಬರೆದಿದ್ದೀರಿ. ಮುಟ್ಟಾದವರು, ಬಾಣಂತಿಯರು ಬೇಲಿಯಾಚೆ ಮರದಡಿ ಇರುತ್ತಿದ್ದರೆಂದು ತರಬೇತಿಯಲ್ಲಿ ಹೇಳಿದ್ದಿರಲ್ಲ, ಅದೇ ಮರವೇ? ನಾನೂ ನಿಮ್ಮಂತೆ ನಾಯಕ ಜನಾಂಗದವಳೇ, ಆದರೆ ನಮ್ಮ ಕತ್ತಲಗೆರೆ ಕಡೆ ಆ ಪದ್ಧತಿ ನಮ್ಮಜ್ಜಿಯ ಕಾಲಕ್ಕೇ ಮುಗಿದುಹೋಯಿತು. ನಿಮ್ಮಲ್ಲಿ ಅದು ಹೇಗೆ ಬಿಟ್ಟುಹೋಯಿತು ಎಂದು ಬರೆಯಿರಿ. ಬೇರೆ ಕಡೆ ಹೇಳಲು ಉಪಯೋಗವಾಗುತ್ತದೆ.

ನಿಮ್ಮ,
ನಾಗರತ್ನ


ಗುಂಡೋಬನಹಟ್ಟಿ
5 ಆಗಸ್ಟ್ 2024

ಮೇಡಂ ಅವರಿಗೆ ಅಜ್ಜಮ್ಮನ ನಮಸ್ಕಾರ.

ಅದೇ ಮರ. ಮದುವೆಯಾದ ಹೊಸತರಲ್ಲಿ ಮಳೆಗೆ ಗೋಣಿಚೀಲ ಹೊದ್ದು ತಿಂಗಳಿಗೆ ಮೂರು ದಿನ ಅದರ ಬುಡದಲ್ಲಿ ಕೂತಿದ್ದೇನೆ. ಹೊರಗಾದವಳ ನೆರಳು ದೇವರಿಗೆ ಬಿಟ್ಟ ಎತ್ತುಗಳ ಮೇಲೆ ಬಿದ್ದರೆ ಎತ್ತು ಸಾಯುತ್ತದೆ ಎಂಬುದು ನಮ್ಮವರ ಹೆದರಿಕೆ. ಎತ್ತಿಗೆ ಕೇಡಾದರೆ ಹಟ್ಟಿಗೇ ಕೇಡು. ಅದಕ್ಕೇ ಬೇಲಿಯಾಚೆ. ಅರ್ಪಿತಾಳನ್ನು ಹೆತ್ತದ್ದೂ ಅಲ್ಲಿಯೇ, ಸೋಗೆಯ ಒಂದು ಮರೆಯಲ್ಲಿ.

ಅದು ಹೇಗೆ ಬಿಟ್ಟಿತು ಎಂದರೆ, ಯಾರೂ ಸಭೆ ಸೇರಿ ಬಿಟ್ಟದ್ದಲ್ಲ. ಹಾವು ಬಂತು ಎಂದು ಒಬ್ಬಳು ಒಳಗೆ ಓಡಿ ಬಂದಳು. ಜ್ವರ ಎಂದು ಇನ್ನೊಬ್ಬಳು ಉಳಿದಳು. ಸೊಸೆಯನ್ನು ಸುರಿಯುವ ಮಳೆಯಲ್ಲಿ ಕೂರಿಸಲು ಅತ್ತೆಗೂ ಮನಸ್ಸು ಬರುವುದಿಲ್ಲ. ಹೀಗೆ ಎಂಟು ಹತ್ತು ವರ್ಷದಲ್ಲಿ ತಾನಾಗಿಯೇ ಸಡಿಲವಾಯಿತು. ಅರ್ಪಿತಾ ದೊಡ್ಡವಳಾದ ಮೇಲೆ ಒಂದು ದಿನವೂ ಹೊರಗೆ ಕೂತವಳಲ್ಲ. ಆ ದಿನಗಳು ಬಂದರೆ ನಮ್ಮ ಅತ್ತೆ, “ನಂಗೆ ಕಣ್ಣು ಮಂಜು ಕಣವಾ, ಏನೂ ಕಾಣಾಕಿಲ್ಲ” ಎಂದು ಗೋಡೆ ಕಡೆ ತಿರುಗಿ ಕೂರುತ್ತಾರೆ. ಮರುಗಳಿಗೆ ಅದೇ ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ಉದ್ಘಾಟನೆ ಚೆನ್ನಾಗಿ ಆಯಿತು. ದುರುಗಪ್ಪಜ್ಜನೇ ಕಾಯಿ ಒಡೆದರು. ಹನ್ನೊಂದು ಹೆಂಗಸರು ಓದಿಗೆ ಬರುತ್ತಿದ್ದಾರೆ. ಪಕ್ಕದ ಮನೆಯ ಪುಷ್ಪಾವತಿ ತನ್ನ ಹೆಸರು ಬರೆಯಲು ಕಲಿತಳು. ಕಲಿತ ದಿನ ಮನೆಯ ಗೋಡೆ, ಕಣಜ, ನೀರಿನ ಡ್ರಮ್ಮು ಎಲ್ಲದರ ಮೇಲೂ ಬರೆದು ಗಂಡನಿಂದ ಬೈಸಿಕೊಂಡಳು.

ಮೊನ್ನೆ ಸಂಜೆ ಹೋದರೆ ಓದಿನ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಪುಷ್ಪಾವತಿ ತಟ್ಟೆ, ಲೋಟ, ಕಂಬಳಿ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಹೊರಗಾಗಿದ್ದಾಳಂತೆ. ಮಳೆ ಇದೆಯಲ್ಲ, ಮೂರು ದಿನ ಇಲ್ಲೇ ಇರು ಎಂದರಂತೆ ಅವಳ ಅತ್ತೆ. ಪಾಪ, ನೆನೆಯುವುದಕ್ಕಿಂತ ಇದು ವಾಸಿ ಎಂದುಕೊಂಡು ನಾವು ಜಗಲಿಯಲ್ಲೇ ಪಾಠ ಮಾಡಿದೆವು.

ನಿಮ್ಮ,
ಅಜ್ಜಮ್ಮ


ಚನ್ನಗಿರಿ
22 ಆಗಸ್ಟ್ 2024

ಪ್ರೀತಿಯ ಅಜ್ಜಮ್ಮನವರಿಗೆ,

ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಮೂರು ಸಲ ಓದಿದೆ. ಪುಷ್ಪಾವತಿಯನ್ನು ಅಲ್ಲಿ ಕೂರಿಸಿದ್ದು ಮಳೆಗಾಗಿ ಮಾತ್ರ ತಾನೆ? ಪದ್ಧತಿ ಬಿಟ್ಟುಹೋಗಿದೆ ಎಂದು ಮೇಲೆ ನೀವೇ ಬರೆದಿದ್ದೀರಿ. ಬಿಟ್ಟಿದ್ದರೆ ಅವಳು ತನ್ನ ಮನೆಯಲ್ಲೇ ಇರಬಹುದಿತ್ತಲ್ಲ.

ಓದಿನ ಮನೆಯ ಬೀಗದ ಕೈ ಯಾರ ಹತ್ತಿರ ಇದೆ? ದಯವಿಟ್ಟು ಬೇಗ ಬರೆಯಿರಿ.

ನಾಗರತ್ನ


ಗುಂಡೋಬನಹಟ್ಟಿ
18 ನವೆಂಬರ್ 2024

ಮೇಡಂ,

ಮೂರು ತಿಂಗಳು ಬರೆಯಲಿಲ್ಲ. ಏನೆಂದು ಬರೆಯಲಿ ಎಂದು ತಿಳಿಯಲಿಲ್ಲ. ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಂಡು ಓದಿ.

ಬೀಗದ ಕೈ ದುರುಗಪ್ಪಜ್ಜನ ಮನೆಯ ಗೂಟಕ್ಕೆ ಹೋಗಿದೆ. ಪುಷ್ಪಾವತಿಯ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಈಗ ಯಾವ ದಿನ ನೋಡಿದರೂ ಅಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಹತ್ತು ವರ್ಷದಿಂದ ಹೊರಗೆ ಕೂರದಿದ್ದವರೂ ಬಂದಿದ್ದಾರೆ. ಒಬ್ಬ ಬಾಣಂತಿ ಎಳೆಗೂಸಿನ ಜೊತೆ ಅಲ್ಲೇ ಇದ್ದಾಳೆ. ಹೊರಗಾದವರು ಇರುವ ಮನೆಯನ್ನು ಉಳಿದವರು ಮುಟ್ಟುವಂತಿಲ್ಲ, ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳದೆ ಬೇಲಿಯೊಳಗೆ ಬರುವಂತಿಲ್ಲ. ಅಲ್ಲಿಗೆ ಓದು ನಿಂತಿತು. ಪುಸ್ತಕ, ಸ್ಲೇಟು, ನೀವು ಕಳಿಸಿದ ವರದಿ ಎಲ್ಲ ಒಳಗಿವೆ. ಅವೂ ಮೈಲಿಗೆಯಾದವಂತೆ, ಹಟ್ಟಿಯೊಳಗೆ ತರಬಾರದಂತೆ. ವರದಿಯ ಮುಖಪುಟದಲ್ಲಿ ಬಾಗಿಲ ಮುಂದೆ ನಿಂತು ನಗುತ್ತಿರುವವಳು ನಾನು.

ಪುಷ್ಪಾವತಿಗೆ ಹೇಳಿ ನೋಡಿದೆ, ಹೋಗಬೇಡವೇ, ನಿನ್ನ ಮನೆಯಲ್ಲೇ ಇರು ಎಂದು. ಅವಳು ನನ್ನ ಮುಖವನ್ನೇ ನೋಡಿದಳು. “ಅಲ್ಲಿ ಒಲೆ ಇಲ್ಲ, ಹೊಲ ಇಲ್ಲ, ಮುದ್ದೆ ತಿರುವಾದಿಲ್ಲ. ತಿಂಗಳಿಗೆ ಮೂರು ದಿನ ನಾನೂ ಕಾಲು ಚಾಚ್ಕಂಡು ಕೂತ್ಕಂತೀನಿ. ನೀನೇ ಕೊಟ್ಟು ನೀನೇ ಕಿತ್ಕಂತೀಯಾ ಅಕ್ಕಾ” ಎಂದಳು. ನಿಮ್ಮ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹಟ್ಟಿ ಸೇರಿತು. ನನ್ನನ್ನು ಕರೆಸಿದರು. ದುರುಗಪ್ಪಜ್ಜ ಎಲ್ಲರ ಎದುರಿಗೆ ನನಗೆ ಶಾಲು ಹೊದಿಸಿದರು ಮೇಡಂ. “ಹೆಣ್ಮಕ್ಳು ಹೊರಗೆ ಇರಾಕೆ ಜಾಗ ಇಲ್ದೆ ನಮ್ಮ ನೇಮ ಕೆಟ್ಟೋಗಿತ್ತು. ಗಂಡಸು ಮೆಂಬರುಗಳ ಕೈಲಿ ಆಗ್ದೆ ಇದ್ದದ್ದನ್ನ ಅಜ್ಜಮ್ಮ ಮಾಡ್ಯಾಳೆ. ಇಂಥಾ ಮೆಂಬರು ಹಿಂದೆ ಬಂದಿಲ್ಲ” ಎಂದರು. ಅವರು ವ್ಯಂಗ್ಯ ಮಾಡಲಿಲ್ಲ. ಕಣ್ಣಲ್ಲಿ ನೀರಿತ್ತು. ಆಗ ಗೊತ್ತಾಯಿತು ಅವರು ನಲ್ಲಿ ಮತ್ತು ಚಿಲಕ ಯಾಕೆ ಕೇಳಿದ್ದರು ಎಂದು.

ಮನೆಗೆ ಬಂದೆ. ಅರ್ಪಿತಾ ಚಾಪೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಆ ದಿನ ಗೋಡೆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ ಹೇಳಿದರು, “ಮಳೆ ಅನ್ನಂಗಿಲ್ಲ, ಹಾವು ಅನ್ನಂಗಿಲ್ಲ. ಮನೆ ಐತೆ, ಲೈಟು ಐತೆ. ನೀನೇ ಕಟ್ಸಿದ್ದು.”

ಮಗಳು ನನ್ನ ಎದುರಿಗೇ ಬೇಲಿ ದಾಟಿ ಹೋದಳು.

ಅಜ್ಜಮ್ಮ


ಚನ್ನಗಿರಿ
2 ಡಿಸೆಂಬರ್ 2024

ಅಜ್ಜಮ್ಮನವರೇ,

ನಿಮ್ಮ ಕಾಗದ ಬಂದಾಗ ಊಟಕ್ಕೆ ಕೂತಿದ್ದೆ. ತಟ್ಟೆ ಹಾಗೆಯೇ ಉಳಿಯಿತು.

ಕಡತ ತೆಗೆದು ನಿಮಗೆ ಬರೆದುಕೊಟ್ಟಿದ್ದ ಅರ್ಜಿಯ ಪ್ರತಿ ಓದಿದೆ. ‘ಮಹಿಳೆಯರ ಅನುಕೂಲಕ್ಕಾಗಿ, ಜನವಸತಿಯಿಂದ ಪ್ರತ್ಯೇಕವಾಗಿ, ನೀರು ಮತ್ತು ಶೌಚಾಲಯ ಸಹಿತ ಸುರಕ್ಷಿತ ಕಟ್ಟಡ’ ಎಂದಿದೆ. ಓದು ಎಂಬ ಮಾತು ಒಂದು ಕಡೆಯೂ ಇಲ್ಲ. ಬೇಗ ಮಂಜೂರಾಗಲಿ ಎಂದು ಹಳೆಯ ಯಾವುದೋ ಅರ್ಜಿಯ ಮಾತುಗಳನ್ನೇ ಎತ್ತಿ ಬರೆದಿದ್ದೆ. ನಿಮ್ಮ ಹಟ್ಟಿಯವರು ಆ ಕಟ್ಟಡವನ್ನು ತಪ್ಪಾಗಿ ಬಳಸುತ್ತಿಲ್ಲ. ನಾನು ಬರೆದದ್ದನ್ನೇ ಅಕ್ಷರಶಃ ಪಾಲಿಸುತ್ತಿದ್ದಾರೆ. ಹೊಂಗೆ ಮರ ಯಾವುದೆಂದು ನಿಮ್ಮನ್ನು ಕೇಳಿದವಳು ನಾನೇ, ಕಟ್ಟಡ ಮುಗಿದ ಮೇಲೆ ಕೇಳಿದೆ.

ಆದರೆ ಇದು ಕಾನೂನಿಗೆ ವಿರುದ್ಧ. ಸುಮ್ಮನಿರುವುದು ಸರಿಯಲ್ಲ. ನನಗೆ ಪರಿಚಯದ ಅಧಿಕಾರಿಗಳಿದ್ದಾರೆ, ಅವರಿಗೆ ಹೇಳುತ್ತೇನೆ. ನೀವು ಧೈರ್ಯವಾಗಿರಿ.

ನಾಗರತ್ನ


ಗುಂಡೋಬನಹಟ್ಟಿ
20 ಜನವರಿ 2025

ಮೇಡಂ,

ನಿಮ್ಮ ಅಧಿಕಾರಿಗಳು ಬಂದಿದ್ದರು. ಎರಡು ಜೀಪು. ನನ್ನನ್ನು ಒಂದು ಮಾತೂ ಕೇಳದೆ ಕಳಿಸಿದಿರಿ.

ಅರ್ಧ ಗಂಟೆ ಭಾಷಣ ಮಾಡಿದರು. ಒಳಗಿದ್ದ ಹೆಂಗಸರನ್ನು ಹೊರಗೆ ಕರೆದು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಳಿಗಾಳಿಯಲ್ಲಿ ನಿಂತಿದ್ದಳು. ಅವಳ ಮುಖ ಎಲ್ಲರ ಫೋನಿನಲ್ಲಿ ಓಡಾಡಿತು. ಜೀಪು ಹೋದ ಮೇಲೆ ಹಟ್ಟಿಯವರಿಗೆ ಬಂದದ್ದು ಬುದ್ಧಿಯಲ್ಲ, ಸಿಟ್ಟು. ಈಗ ನೇಮ ಇನ್ನೂ ಬಿಗಿಯಾಗಿದೆ. ಹೊರಗಾದವಳು ಆ ಮನೆಯ ಸುತ್ತಿನ ಜಾಗ ದಾಟಬಾರದು, ಶಾಲೆಗೂ ಹೋಗಬಾರದು. ಬಿಳಿಚೋಡಿಗೆ ಮಕ್ಕಳನ್ನು ಒಯ್ಯುವ ಆಟೋ ಹಟ್ಟಿಯದೇ, ಅದರಲ್ಲಿ ದೇವರ ಪಟ ಇದೆ, ಹತ್ತಿಸುವುದಿಲ್ಲ. ನಮ್ಮ ಮನೆಯವರಿಗೆ ಬೈಕಿನಲ್ಲಿ ಬಿಟ್ಟು ಬನ್ನಿ ಎಂದೆ. “ದುರುಗಪ್ಪಜ್ಜನ ಮಾತು ಮೀರಿ ಹಟ್ಯಾಗೆ ಇರಾಕೆ ಆಗ್ತೈತೇನೆ” ಎಂದು ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಅರ್ಪಿತಾ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ ನನಗೆ ತೋರಿಸಿದಳು. ಮಾರ್ಚ್ ಇಪ್ಪತ್ತೊಂದಕ್ಕೆ ಹತ್ತನೇ ಕ್ಲಾಸಿನ ಪರೀಕ್ಷೆ ಶುರು. ಅವಳ ದಿನಗಳು ಬೀಳುವುದು ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅವಳು ಅಳಲಿಲ್ಲ. “ಪೆನ್ಸಿಲ್ಲು ಅಲ್ವೇನವ್ವಾ, ಅಳಿಸಿದ್ರೆ ಹೋಗ್ತೈತೆ” ಎಂದು ನನ್ನನ್ನು ನಗಿಸಲು ನೋಡಿದಳು.

ನನಗೆ ನಗು ಬರಲಿಲ್ಲ. ಸ್ವಲ್ಪ ದಿನ ಬರೆಯಬೇಡಿ.

ಅಜ್ಜಮ್ಮ


ಚನ್ನಗಿರಿ
10 ಫೆಬ್ರವರಿ 2025

ಅಜ್ಜಮ್ಮಾ,

ಬರೆಯಬೇಡಿ ಎಂದಿದ್ದಿರಿ, ಆದರೂ ಬರೆಯುತ್ತಿದ್ದೇನೆ. ತಪ್ಪಾಯಿತು. ನಾಯಕತ್ವ ಎಂದರೆ ಮೊದಲು ಕೇಳಿಸಿಕೊಳ್ಳುವುದು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದವಳು ನಾನು. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಆ ಕೂಸು ಚೆನ್ನಾಗಿದೆಯೇ?

ಮೊನ್ನೆ ಕೇಂದ್ರಕ್ಕೆ ಬೇರೆ ಎರಡು ಹಟ್ಟಿಗಳ ಹಿರಿಯರು ಬಂದಿದ್ದರು. ವರದಿಯ ಮುಖಪುಟ ಹಿಡಿದುಕೊಂಡು, “ಇಂಥದೇ ಮನೆ ನಮಗೂ ಬೇಕಾಗೈತ್ರೀ ಮೇಡಂ, ಅರ್ಜಿ ಬರ್ಕೊಡ್ರಿ” ಎಂದು ಕೈಮುಗಿದು ನಿಂತರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸವನ್ನು ಜನ ತಾವಾಗಿ ಬಂದು ಕೇಳಿದ್ದು ಇದೊಂದೇ ಸಲ.

ಅರ್ಪಿತಾಳ ಪರೀಕ್ಷೆ ತಪ್ಪಬಾರದು. ನಾನೇ ಕಾರು ಮಾಡಿಕೊಂಡು ಬರುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಬಿಳಿಚೋಡಿನಲ್ಲೇ ಯಾರ ಮನೆಯಲ್ಲಾದರೂ ಅವಳನ್ನು ಇರಿಸಿಕೊಳ್ಳುತ್ತೇನೆ. ಈ ಸಲ ಕೇಳಿಯೇ ಬರುತ್ತೇನೆ. ಬರಲೇ?

ನಿಮ್ಮ,
ನಾಗರತ್ನ


ಗುಂಡೋಬನಹಟ್ಟಿ
26 ಮಾರ್ಚ್ 2025

ನಾಗರತ್ನಕ್ಕಾ,

ಇಷ್ಟು ದಿನ ಮೇಡಂ ಎನ್ನುತ್ತಿದ್ದೆ. ಈ ಕಾಗದವನ್ನು ಮೇಡಂಗೆ ಬರೆಯಲು ಆಗುವುದಿಲ್ಲ.

ನೀವು ಬರಲೇ ಎಂದು ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ. ನಿಮ್ಮ ಕಾರಿನಲ್ಲಿ ಅರ್ಪಿತಾ ಹೋಗುತ್ತಿದ್ದಳು. ಪುಷ್ಪಾವತಿಯ ಮಗಳು ಈಗ ಆರನೇ ಕ್ಲಾಸು. ಅವಳ ಸರದಿಗೆ ಯಾರ ಕಾರು ಬರುತ್ತದೆ ಎಂದು ಯೋಚಿಸುತ್ತಲೇ ದಿನ ಹೋದವು. ಕೂಸು ಚೆನ್ನಾಗಿದೆ.

ನಮ್ಮ ದೇವರ ಎತ್ತುಗಳನ್ನು ನೀವು ನೋಡಿಲ್ಲ. ಏಳು ಇವೆ. ಅವಕ್ಕೆ ನೊಗ ಇಲ್ಲ, ಮೂಗುದಾರ ಇಲ್ಲ. ಕಾಯಲು ಒಬ್ಬ ಕಿಲಾರಿ ಇದ್ದಾನೆ, ಅವನು ಬಿಟ್ಟರೆ ಯಾರೂ ಮೈ ಮುಟ್ಟುವುದಿಲ್ಲ, ಹೆಂಗಸರಂತೂ ಹತ್ತಿರ ಸುಳಿಯುವುದಿಲ್ಲ. ಅವು ತಾವಾಗಿ ಹೋಗಿ ಮಲಗಿದ ನೆಲ ದೇವರದು. ಅಲ್ಲಿ ಚಪ್ಪಲಿ ಮೆಟ್ಟಬಾರದು, ಹೊರಗಾದವಳು ಕಾಲಿಡಬಾರದು. ಇದು ನಮ್ಮ ಹಟ್ಟಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಈ ತಿಂಗಳ ಮೊದಲಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಆ ಮಾತು ಬೇರೆ ಥರ ನೆನಪಿಗೆ ಬಂತು. ರೊಟ್ಟಿ ಸೀದುಹೋಯಿತು.

ಓದಿನ ಮನೆ ಖಾಲಿಯಾಗಲೆಂದು ಕಾದೆ. ಹದಿನೆಂಟನೇ ತಾರೀಕು ಮಂಗಳವಾರ ಪುಷ್ಪಾವತಿ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಅಲ್ಲಿ ಯಾರೂ ಉಳಿಯಲಿಲ್ಲ. ಬುಧವಾರ ಬೆಳಗ್ಗೆ ನಾನು ಅಜ್ಜನ ಮನೆಯಿಂದ ಬೀಗದ ಕೈ ತಂದು, ಹೋಗಿ ನೆಲಕ್ಕೆ ಸಗಣಿ ಸಾರಿಸಿ, ಗೋಡೆಗೆಲ್ಲ ಗಂಜಲ ಎರಚಿ ತೊಳೆದೆ. ನೋಡಿದವರು, ಮಗಳು ಬರುವುದಕ್ಕೆ ಮೊದಲು ಹಸನು ಮಾಡುತ್ತಿದ್ದಾಳೆ, ಪಾಪ, ಎಂದುಕೊಂಡರು. ನಾಲ್ಕು ದಿನದಿಂದ ಸೆರಗಿನ ತುದಿಯಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡು ತಿರುಗುತ್ತಿದ್ದೆ, ಅದನ್ನು ಯಾರೂ ನೋಡಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪಗೆ ಮೋಡ ಕಟ್ಟಿತು. ಕಿಲಾರಿ ಎತ್ತುಗಳನ್ನು ಬೇಗ ಹೊಡೆದುಕೊಂಡು ಬಂದ. ಹೊಂಗೆ ಮರದ ಹತ್ತಿರ ಬರುವಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಅವನು ಕಂಬಳಿ ತಲೆಯ ಮೇಲೆ ಎಳೆದುಕೊಂಡು ಮರದ ಬುಡಕ್ಕೆ ಒರಗಿ ಕೂತ. ನಾನು ಇನ್ನೂ ಬಾಗಿಲೊಳಗೇ ಇದ್ದೆ, ಉಪ್ಪಿನ ಕೈ ಚಾಚಿದೆ. ಮುಂದಿದ್ದ ಕರಿ ಎತ್ತು ಒಂದು ಸಲ ನನ್ನನ್ನು ನೋಡಿತು, ಆಮೇಲೆ ನನ್ನ ಅಂಗೈ ನೋಡಿತು. ಅದು ಬಂತು. ಅದರ ಹಿಂದೆ ಆರೂ ಬಂದವು. ನಾನು ಪಕ್ಕದ ಶೌಚಾಲಯದ ಬಾಗಿಲಿನಿಂದ ನುಸುಳಿ ಬೇಲಿ ಸುತ್ತಿ ಮನೆ ಸೇರಿದೆ.

ಮಳೆ ನಿಂತಾಗ ಹಟ್ಟಿಗೆ ಹಟ್ಟಿಯೇ ಅಲ್ಲಿ ಸೇರಿತ್ತು. ನಾನೂ ಹೋಗಿ ಎಲ್ಲರ ಹಿಂದೆ ನಿಂತೆ. ಎತ್ತುಗಳು ಒಳಗೆ ಆರಾಮಾಗಿ ಮಲಗಿದ್ದವು. ಕರಿ ಎತ್ತು ನನ್ನ ಫೋಟೋ ಇದ್ದ ವರದಿಯ ಮುಖಪುಟವನ್ನು ಅಗಿಯುತ್ತಿತ್ತು. “ತಾವೇ ಒಳಕ್ಕೆ ಹೋದ್ವು, ನಾ ಹೊಡೀಲಿಲ್ಲ” ಎಂದು ಕಿಲಾರಿ ಅಳುವಂತಾಗಿದ್ದ. ಯಾರೋ ಕೇಳಿದರು, “ಎತ್ತು ಮೈಲಿಗೆ ಆದ್ವೇನಜ್ಜಾ?”

ದುರುಗಪ್ಪಜ್ಜ ಹೊಸ್ತಿಲ ತನಕ ಹೋಗಿ ನಿಂತರು. ಎತ್ತಿಗೆ ಮೈಲಿಗೆ ಎಂದರೆ ದೇವರಿಗೇ ಮೈಲಿಗೆ ಎಂದ ಹಾಗೆ. ಅಲ್ಲ ಎಂದರೆ ಮನೆ ದೇವರದಾಗುತ್ತದೆ. ಹೊಸ್ತಿಲ ಮೇಲೆ ನಾಲ್ಕು ಹರಳು ಉಪ್ಪು ಬಿದ್ದಿತ್ತು, ಆಲಿಕಲ್ಲಿನ ನಡುವೆ ಅದೂ ಬೆಳ್ಳಗಿತ್ತು. ಅವರು ಅದನ್ನು ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿ ಚಪ್ಪಲಿ ಬಿಟ್ಟರು. “ಎತ್ತಿಗೆ ಮೈಲಿಗೆ ಅನ್ನಾಕೆ ನಾನ್ಯಾರು. ಅವು ಒಪ್ಕಂಡ್ಯಾವೆ. ಇನ್ನ ಇದು ಅವುಗಳ ಜಾಗ” ಎಂದರು. ಎಲ್ಲರೂ ಚಪ್ಪಲಿ ಬಿಟ್ಟರು.

ಗುರುವಾರ ಬೆಳಗ್ಗೆ ಅರ್ಪಿತಾಳಿಗೆ ಶುರುವಾಯಿತು, ಲೆಕ್ಕ ಹಾಕಿದ್ದ ದಿನಕ್ಕೇ. ಕೂರಿಸಲು ಮನೆ ಇಲ್ಲ, ಮರದಡಿ ನೆಲವೆಲ್ಲ ಕೆಸರು. ನಾನು ಅತ್ತೆಯ ಮುಖ ನೋಡಿದೆ. ಅವರು ಮೊಮ್ಮಗಳ ಮುಖ ನೋಡಿದರು. “ನಂಗೆ ಯಾಕೋ ಕಣ್ಣು ಮಂಜು ಕಣವಾ” ಎಂದು ಗೋಡೆ ಕಡೆ ತಿರುಗಿದರು. ಶುಕ್ರವಾರ ಅರ್ಪಿತಾ ಎಲ್ಲ ಮಕ್ಕಳ ಜೊತೆ ಆಟೋ ಹತ್ತಿದಳು. ಕನ್ನಡ ಸುಲಭವಿತ್ತಂತೆ.

ಓದು ಈಗ ನಮ್ಮ ಮನೆಯ ಜಗಲಿಯಲ್ಲಿ, ಬೇಲಿಯ ಒಳಗೆ. ಏಳು ಜನ ಬರುತ್ತಾರೆ. ಪುಷ್ಪಾವತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಮೂರು ದಿನದ ವಿಶ್ರಾಂತಿಯನ್ನು ನಾನೇ ಕಿತ್ತುಕೊಂಡೆ, ಅದನ್ನು ಅವಳ ಮನೆಯಲ್ಲೇ ಅವಳಿಗೆ ಹೇಗೆ ಕೊಡಿಸಬೇಕು ಎಂದು ಇನ್ನೂ ತಿಳಿದಿಲ್ಲ. ಆದರೂ ನಿನ್ನೆ ಹೊಸ ಸ್ಲೇಟು ಹಿಡಿದು ಬಂದು ದೂರ ಕೂತಳು. ಆ ಎರಡು ಹಟ್ಟಿಯ ಹಿರಿಯರು ಮತ್ತೆ ಬಂದರೆ ಅರ್ಜಿ ಬರೆಯಬೇಡಿ. ಅವರ ಹೆಂಗಸರನ್ನು ಕರೆಸಿ ಕೇಳಿ.

ಅಕ್ಕಾ, ಇನ್ನೊಂದು ಉಳಿದಿದೆ. ಅದನ್ನು ಹೇಳಲೆಂದೇ ಇಷ್ಟು ಬರೆದೆ.

ಡಿಸೆಂಬರಿನಲ್ಲಿ ನಾನು ಅತ್ತೆಗೆ ಒಂದು ಸುಳ್ಳು ಹೇಳಿದ್ದೆ, ನನಗೆ ಮುಟ್ಟು ನಿಂತಿತು ಎಂದು. ಆ ಮನೆಯೊಳಗೆ ಹೋಗಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಅವರು ನಂಬಿದರು. ಆಲಿಕಲ್ಲು ಬಿದ್ದ ಆ ಬುಧವಾರ ನನಗೆ ಎರಡನೆಯ ದಿನ.

ಉಪ್ಪು ಹಿಡಿದದ್ದು ಆ ಕೈ. ಕರಿ ಎತ್ತು ನನ್ನ ಅಂಗೈಯನ್ನು ಪೂರ್ತಿ ನೆಕ್ಕಿತು. ಅದರ ನಾಲಿಗೆ ಒರಟು, ಬೆಚ್ಚಗಿತ್ತು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ನೋಡುತ್ತಲೇ ಇದ್ದೆ. ಒಳಗಿನ ಲೈಟಿಗೆ ನನ್ನ ನೆರಳು ಅದರ ಮುಖದ ಮೇಲೇ ಇತ್ತು. ಅದು ಇನ್ನಷ್ಟು ಉಪ್ಪು ಕೇಳಿತು.

ಇವತ್ತಿಗೆ ಏಳು ದಿನ. ದಿನಾ ಬೆಳಗ್ಗೆ ಎದ್ದ ಕೂಡಲೇ ಬೇಲಿಯ ಹತ್ತಿರ ಹೋಗಿ ಏಳೂ ನಿಂತಿವೆಯೇ ಎಂದು ನೋಡುತ್ತೇನೆ. ನಿಂತಿವೆ. ಚೆನ್ನಾಗಿ ಮೇಯುತ್ತಿವೆ. ಸಂತೋಷವಾಗಬೇಕು, ಆದರೆ ನೋಡಿದಾಗಲೆಲ್ಲ ನನ್ನವ್ವ ನೆನಪಾಗುತ್ತಾಳೆ. ಅವಳು ನನ್ನ ತವರೂರ ಬೇಲಿಯಾಚೆ ಮಳೆಯಲ್ಲಿ ಎರಡು ಕೂಸು ಕಳೆದುಕೊಂಡಳು. ಎತ್ತಿಗೆ ಏನೂ ಆಗುತ್ತಿರಲಿಲ್ಲ ಅಕ್ಕಾ. ಆಗಲೂ ಏನೂ ಆಗುತ್ತಿರಲಿಲ್ಲ.

ಈ ಕಾಗದವನ್ನು ವರದಿಗೆ ಹಾಕಬೇಡಿ. ತರಗತಿಯಲ್ಲಿ ಓದುವುದಾದರೆ ಊರು ಬಿಟ್ಟು ಓದಿ. ಸಹಿ ಹಾಕುವುದನ್ನು ನೀವು ಎಷ್ಟು ಆಸೆಯಿಂದ ಕಲಿಸಿದಿರಿ, ಆದರೂ ಇದಕ್ಕೆ ಹಾಕುವುದಿಲ್ಲ. ಅಕ್ಷರ ನೋಡಿದರೆ ನಿಮಗೆ ತಿಳಿಯುತ್ತದೆ ಯಾರದೆಂದು. ತಿದ್ದಿಸಿದವರು ನೀವೇ.